ಮನೀ ಖಾರ

ಇದನ್ನು ಹೇಳಬೇಕೆಂದು ಬಹಳ ವರ್ಷಗಳಿಂದ ಅಂದುಕೊಳ್ಳುತ್ತ, ಪ್ರತಿ ಸಲವೂ ಏನಾದರೊಂದು ನೆವ ತೆಗೆದು ಮುಂದಕ್ಕೆ ಹಾಕುತ್ತ ಬಂದೆ. ಮೊದಲು ಗಿರಣಿ ನಡೆಯುತ್ತಿತ್ತು; ಬಾಯಿ ಬಿಟ್ಟರೆ ಗಿರಣಿಗೆ ಕೆಟ್ಟ ಹೆಸರು ಎಂದುಕೊಂಡೆ. ಆಮೇಲೆ ಮಗಳ ಮದುವೆ ಬಂತು. ಆಮೇಲೆ ಹೆಂಡತಿ ಹಾಸಿಗೆ ಹಿಡಿದಳು. ಈಗ ಗಿರಣಿಯನ್ನು ಬೇರೆಯವರಿಗೆ ಬಾಡಿಗೆಗೆ ಕೊಟ್ಟಿದ್ದೇನೆ, ಹೆಂಡತಿ ಇಲ್ಲ, ನೆವಗಳೂ ಮುಗಿದಿವೆ. ನಾನು ಕಲಿತದ್ದು ಎಸ್ಸೆಸ್ಸೆಲ್ಸಿಯ ತನಕ. ಚಂದ ಮಾಡಿ ಬರೆಯಲು ಬರುವುದಿಲ್ಲ. ಆದದ್ದನ್ನು ಆದಂತೆ ಬರೆಯುತ್ತೇನೆ.

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಹಿಂದಿನ ರಸ್ತೆಯಲ್ಲಿ ನನ್ನ ಖಾರದ ಗಿರಣಿ. ಬೀಸುವ ಗಿರಣಿಯಲ್ಲ, ಕುಟ್ಟುವ ಗಿರಣಿ. ಸಾಲಾಗಿ ನಿಂತ ಕಬ್ಬಿಣದ ರಾಡುಗಳು ಒನಕೆಯ ಹಾಗೆ ಎದ್ದು ಎದ್ದು ಕೆಳಗಿನ ಒರಳುಗಳಲ್ಲಿ ಬೀಳುತ್ತವೆ. ಬೀಸಿದ ಖಾರ ಕಾದು ಬಣ್ಣ ಕಳೆದುಕೊಳ್ಳುತ್ತದೆ, ಕುಟ್ಟಿದ್ದು ಕೆಂಪಾಗಿಯೇ ಉಳಿಯುತ್ತದೆ ಎಂದು ರಾಣೆಬೆನ್ನೂರಿನ ಕಿರಾಣಿ ಅಂಗಡಿಯವರು ನಮ್ಮದನ್ನೇ ಕೇಳುತ್ತಿದ್ದರು. ರಾಡು ಮೇಲೆದ್ದಾಗ ಅಂಚಿಗೆ ಸರಿದ ಕಾಯಿಯನ್ನು ಮತ್ತೆ ನಡುವಿಗೆ ದೂಡಬೇಕು. ಅದಕ್ಕೆ ಒಂದು ಕಟ್ಟಿಗೆಯ ಕೋಲು ಇರುತ್ತಿತ್ತು. ಅವಸರವಿದ್ದಾಗ ಕೋಲು ಬದಿಗೆ ಹೋಗಿ ಕೈ ಬರುತ್ತಿತ್ತು. ನಾನು ಅದನ್ನು ದಿನಾ ನೋಡುತ್ತಿದ್ದೆ.

ಹೊಸ ಮಷಿನ್ನಿಗೆ ಬ್ಯಾಂಕಿನ ಸಾಲ ತೆಗೆದಾಗ ಬೆಂಕಿಯ ವಿಮೆ ಮಾಡಿಸಲೇಬೇಕು ಎಂದರು. ರಾಣೆಬೆನ್ನೂರಿನಿಂದ ಒಬ್ಬ ಏಜೆಂಟ ಬಂದ. ಮಾತಿನಲ್ಲಿ ಚುರುಕು, ನನ್ನ ದೂರದ ಬೀಗರ ಪೈಕಿ. ಬೆಂಕಿಯದು ಮುಗಿಸಿ, ಕೆಲಸಗಾರರ ಪಾಲಿಸಿಯನ್ನೂ ತೆಗೆದುಬಿಡಿ ಎಂದ. ದುಡಿಯುವವರಿಗೆ ಕೆಲಸದಲ್ಲಿ ಏನಾದರೂ ಆದರೆ ಮಾಲಕ ಕೊಡಬೇಕಾದ ಪರಿಹಾರವನ್ನು ಕಂಪನಿ ಕೊಡುತ್ತದೆ, ಅದಕ್ಕೆ ವರ್ಷಕ್ಕೊಮ್ಮೆ ಕಂತು ತುಂಬಬೇಕು ಎಂದು ಬಿಡಿಸಿ ಹೇಳಿದ.

"ಕಾಕಾ, ಮಷಿನ್ ಮ್ಯಾಲೆ ಎಷ್ಟು ಮಂದಿ ಅದಾರ್ರಿ?" ಎಂದು ಕೇಳಿದ.

"ಯಾಕ? ಮಷಿನ್ ಮ್ಯಾಲೆ ಇದ್ರೇನು, ಕೆಳಗ ಇದ್ರೇನು?"

"ಹಂಗಲ್ರಿ. ಮಷಿನ್ ಕೆಲಸಕ್ಕ ಕಂತು ಜಾಸ್ತಿ. ತೊಟ್ಟು ಬಿಡಿಸೋರು, ಪಾಕೀಟ್ ಮಾಡೋರು ಅಂದ್ರ ಅಗ್ಗ ಬರತೈತಿ."

"ಹಂಗಾರ ನಮ್ಮಲ್ಲಿ ಎಲ್ಲಾರೂ ಪಾಕೀಟ್ ಮಾಡೋರ ಅಂತ ಬರಕೋ."

"ಮತ್ತ ಮಷಿನ್ ತಾನ ಕುಟ್ಟತೈತೇನ್ರಿ?"

"ನಾ ಅದೀನಲ್ಲೋ. ನಾ ಕುಟ್ಟತೇನಿ."

"ಮಾಲಕರಿಗೆ ಈ ಪಾಲಿಸಿಯೊಳಗ ಏನೂ ಬರಂಗಿಲ್ರಿ ಕಾಕಾ."

"ಚಲೋ ಆತಲ್ಲ, ನನ್ನ ರೊಕ್ಕಾನೂ ಉಳೀತು."

ಇಬ್ಬರೂ ನಕ್ಕೆವು. ಚಹಾ ತರಿಸಿದೆ. ಪೇಟೆಯಲ್ಲಿ ಬಹುಪಾಲು ಗಿರಣಿಯವರು ಹೀಗೆಯೇ ಬರೆಸುತ್ತಿದ್ದರು. ಮಂದಿಯನ್ನು ಕಡಿಮೆ ತೋರಿಸುವುದು, ಪಗಾರ ಕಡಿಮೆ ತೋರಿಸುವುದು, ಕೆಲಸವನ್ನು ಹಗುರ ತೋರಿಸುವುದು. ಹೀಗೆ ನಾನು ಉಳಿಸಿದ ಹಣ ಸುಗ್ಗಿಯಲ್ಲಿ ವ್ಯಾಪಾರಿಗಳಿಗೆ ಕುಡಿಸುವ ಚಹಾದ ಖರ್ಚಿಗಿಂತ ದೊಡ್ಡದಿರಲಿಲ್ಲ. ಅದನ್ನು ಕಳ್ಳತನ ಎಂದು ಯಾರೂ ಅನ್ನುತ್ತಿರಲಿಲ್ಲ. ನಾನೂ ಅಂದುಕೊಳ್ಳಲಿಲ್ಲ.

ಮಷಿನ್ ಮೇಲೆ ಇದ್ದವರು ಇಬ್ಬರು ಹೆಂಗಸರು, ಅಣ್ಣತಮ್ಮಂದಿರ ಹೆಂಡಿರು, ಒಬ್ಬರಿಗೊಬ್ಬರು ನೆಗೆಣ್ಣಿಯರು. ಹಾವೇರಿ ರಸ್ತೆಯ ಒಂದು ಹಳ್ಳಿಯಿಂದ ಟೆಂಪೋದಲ್ಲಿ ಬರುತ್ತಿದ್ದರು. ಹಿರಿಯಳ ಬಾಯಿ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ಕಿರಿಯಳು ಮೂಗಿಗೆ ಅರಿವೆ ಕಟ್ಟಿಕೊಂಡರೂ ದಿನವಿಡೀ ಸೀನುತ್ತಿದ್ದಳು.

"ಸಾವ್ಕಾರ್ರ, ಇಕಿ ಪಗಾರ ಹಿಡೀರಿ," ಅನ್ನುತ್ತಿದ್ದಳು ಹಿರಿಯಳು. "ಇಕಿ ಒಂದ ಸಲ ಸೀನಿದ್ರ ಕಿಲೋ ಖಾರ ಹಾರಿ ಹೋಗತೈತಿ."

"ಯಕ್ಕಾ, ನಿನ್ನ ಬಾಯಾಗ ಅಷ್ಟು ಖಾರ ಇರೂಮುಂದ ಗಿರಣ್ಯಾಗ ಕಡಿಮಿ ಆದ್ರ ಏನಾತು," ಎಂದು ಕಿರಿಯಳು ಮೆಲ್ಲಗೆ ಉತ್ತರ ಕೊಡುತ್ತಿದ್ದಳು. ಆಕೆ ಮಾತಾಡುವುದೇ ಅಪರೂಪ. ಆಡಿದರೆ ಅಷ್ಟೇ. ಇಬ್ಬರೂ ಒಂದೇ ಬುತ್ತಿಯ ಗಂಟು ಬಿಚ್ಚಿ ಉಣ್ಣುತ್ತಿದ್ದರು.

ನಮ್ಮ ಗಿರಣಿಯಲ್ಲಿ ಒಂದು ರೂಢಿ ಇತ್ತು. ನನ್ನ ತಂದೆ ಕೈಒನಕೆಯಲ್ಲಿ ಕುಟ್ಟಿಸುತ್ತಿದ್ದ ಕಾಲದಿಂದ ಬಂದದ್ದು. ಯುಗಾದಿಗೆ ಮೊದಲಿನ ಶನಿವಾರಗಳಲ್ಲಿ, ನಮ್ಮ ಮಾಲು ಮುಗಿದ ಮೇಲೆ, ದುಡಿಯುವ ಹೆಂಗಸರು ತಮ್ಮ ಮನೆಗೆ ವರ್ಷಕ್ಕಾಗುವಷ್ಟು ಖಾರವನ್ನು ಅದೇ ಮಷಿನ್ನಿನಲ್ಲಿ ಪುಕ್ಕಟೆ ಕುಟ್ಟಿಕೊಳ್ಳಬಹುದು. ಕಾಯಿ ಅವರದೇ. ಜೊತೆಗೆ ಹುರಿದ ಕೊತ್ತಂಬರಿ ಬೀಜ, ಒಣಕೊಬ್ಬರಿ, ಬೆಳ್ಳುಳ್ಳಿ, ಉಪ್ಪು. ಅದಕ್ಕೆ 'ಮನೀ ಖಾರ' ಎನ್ನುತ್ತಿದ್ದೆವು. ಆ ಸಂಜೆಗಳಲ್ಲಿ ಗಿರಣಿಯ ವಾಸನೆಯೇ ಬದಲಾಗುತ್ತಿತ್ತು. ನನಗೆ ಈ ರೂಢಿಯ ಬಗ್ಗೆ ಬಹಳ ಹೆಮ್ಮೆ. ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದೆ: ನಮ್ಮಲ್ಲಿ ದುಡಿಯುವವರು ಆಳುಗಳಲ್ಲ, ಮನೆಯ ಮಂದಿ. ಅವರೂ ಹಾಗೆಯೇ ನಡೆದುಕೊಳ್ಳುತ್ತಿದ್ದರು. ಗಿರಣಿಯ ಮೆಣಸಿನಕಾಯಿಗೆ ಅವರೆಲ್ಲ 'ನಮ್ಮದು' ಎಂದೇ ಅನ್ನುವುದು. 'ನಮ್ಮದು ಮುಗೀತು, ಇನ್ನ ಮನೀದು ಹಾಕೂಣು' ಎಂಬುದು ಶನಿವಾರದ ಮಾತು.

ಅಂಥ ಒಂದು ಶನಿವಾರ, ಇನ್ನೂ ಬಿಸಿಲಿರುವಾಗಲೇ ಆಯಿತು. ರಾಣೆಬೆನ್ನೂರಿನ ಅಂಗಡಿಯ ಮಾಲು ಕುಟ್ಟುವುದು ಮುಗಿದಿರಲಿಲ್ಲ. ಅದನ್ನು ಒಯ್ಯಲು ಬಂದ ಟೆಂಪೋ ಬಾಗಿಲಲ್ಲಿ ನಿಂತಿತ್ತು. ಮನೀ ಖಾರದ ಚೀಲಗಳು ಗೋಡೆಗೆ ಒರಗಿ ಸರದಿ ಕಾಯುತ್ತಿದ್ದವು. ಅಂಗಡಿಯವನು ಫೋನಿನಲ್ಲಿ ಒಂದೇ ಸಮನೆ ಅವಸರ ಮಾಡುತ್ತಿದ್ದ. ಕಿವಿಗೆ ಫೋನು ಹಿಡಿದುಕೊಂಡೇ ನಾನು ಒಳಗೆ ತಿರುಗಿ "ಲಗೂ ಲಗೂ ಮಾಡ್ರಬೇ, ಕೋಲಿನಾಗ ಆಟ ಆಡಿಕೋತ ಕುಂದರಬ್ಯಾಡ್ರಿ" ಎಂದೆ. ಹಿರಿಯಳು ಕೋಲು ಬಿಟ್ಟು ಕೈ ಹಾಕಿದಳು.

ರಾಡು ಕೈಮೇಲೆ ಬಿದ್ದು ಅವಳು ಕೂಗಿದಾಗ ನಾನು ಓಡಿ ಮಷಿನ್ ಬಂದ್ ಮಾಡಲಿಲ್ಲ. ಏನೆಂದು ತಿಳಿಯದೆ ಬಾಗಿಲಲ್ಲೇ ನಿಂತೆ. ಬಂದ್ ಮಾಡಿದವಳು ಕಿರಿಯಳು. ಅದೇ ಟೆಂಪೋದಲ್ಲಿ, ಅರ್ಧ ತುಂಬಿದ ಖಾರದ ಚೀಲಗಳ ನಡುವೆ ಕೂಡಿಸಿಕೊಂಡು ಹಾವೇರಿಯ ದವಾಖಾನೆಗೆ ಒಯ್ದೆವು. ಗಾಯಕ್ಕೆ ಖಾರ ಹತ್ತಿತ್ತು. ಅದರ ಬಗ್ಗೆ ಹೆಚ್ಚು ಬರೆಯಲಾರೆ. ಬಲಗೈಯಲ್ಲಿ ಹೆಬ್ಬೆರಳೊಂದನ್ನು ಬಿಟ್ಟು ಉಳಿದ ಬೆರಳುಗಳನ್ನು ತೆಗೆದರು.

ಅವಳು ಒಳಗಿರುವಾಗ ನಾನು ಹೊರಗಿನ ಬೇವಿನ ಗಿಡದ ಕೆಳಗೆ ನಿಂತು ಏಜೆಂಟನಿಗೆ ಫೋನು ಮಾಡಿದೆ. ಅವನು ಎಲ್ಲ ಕೇಳಿಕೊಂಡ.

"ಕಾಕಾ, ಪಾಲಿಸಿಯೊಳಗ ಎಲ್ಲಾರೂ ಪಾಕೀಟ್ ಮಾಡೋರು ಅಂತೈತ್ರಿ. ಮಷಿನ್ ಕೆಲಸದಾಗ ಆತು ಅಂದ್ರ ಕಂಪನಿಯವ್ರು ಕೊಡಾಕ ಒಪ್ಪಂಗಿಲ್ಲ. ಪೂರಾ ನಿಮ್ಮ ಮ್ಯಾಲೆ ಬರತೈತಿ."

"ಎಷ್ಟು ಬಂದೀತು?"

"ಬಲಗೈ ಅಂದ್ರಿ. ಭಾಳ ಬರತೈತ್ರಿ." ಆಮೇಲೆ, "ಇವತ್ತ ಶನಿವಾರ ಅಲ್ಲೇನ್ರಿ?" ಎಂದ.

ಅವನು ಅಷ್ಟೇ ಕೇಳಿದ್ದು. ನಮ್ಮ ರೂಢಿ ಅವನಿಗೂ ಗೊತ್ತಿತ್ತು. ಅವನನ್ನು ನಾನು ದೂರುವುದಿಲ್ಲ. ದವಾಖಾನೆಯ ಪೊಲೀಸಿನವನು ಬಂದು ಹೆಂಗಾತು ಎಂದು ವಿಚಾರಿಸಿದಾಗ ನನ್ನ ಬಾಯಿಂದ ಆ ಮಾತು ತಡವರಿಸದೆ ಬಂತು: "ಅಕಿ ಮನೀ ಖಾರ ಕುಟ್ಟಿಕೊಳ್ಳಾಕತ್ತಿದ್ಲ್ರಿ." ದಿನಬಳಕೆಯ ಮಾತು, ನಾಲಿಗೆಗೆ ಹಳತು. ಕಟ್ಟಿ ಹೇಳಿದ ಸುಳ್ಳಾಗಿದ್ದರೆ ಬಹುಶಃ ತಡವರಿಸುತ್ತಿದ್ದೆ. ಸ್ವಂತ ಕೆಲಸ ಮಾಡಿಕೊಳ್ಳುವಾಗ ಆದ ಗಾಯಕ್ಕೆ ಮಾಲಕನಾಗಲಿ ಕಂಪನಿಯಾಗಲಿ ಕೊಡಬೇಕಾದದ್ದು ಏನೂ ಇರಲಿಲ್ಲ.

ದವಾಖಾನೆಯ ಬಿಲ್ಲು ನಾನೇ ಕಟ್ಟಿದೆ. ಪೇಟೆಯಲ್ಲಿ ದೊಡ್ಡ ಮನುಷ್ಯ ಎನ್ನಿಸಿಕೊಂಡೆ.

ಹಿರಿಯಳ ಗಂಡ ಯಾರೋ ಹೇಳಿದಂತೆ ವಕೀಲರನ್ನು ಹಿಡಿದು ಹಾವೇರಿಯಲ್ಲಿ ಪರಿಹಾರದ ಕೇಸು ಹಾಕಿದ. ನನಗೆ ಸಾಕ್ಷಿ ಬೇಕಾಯಿತು. ಆ ಹೊತ್ತಿನಲ್ಲಿ ಮಷಿನ್ ಬಳಿ ಇದ್ದವಳು ಕಿರಿಯಳು ಒಬ್ಬಳೇ. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಅವಳನ್ನು ಕರೆದೆ. ಒಬ್ಬಳೇ ಉಣ್ಣುತ್ತಿದ್ದಳು. ಕೈ ತೊಳೆದುಕೊಂಡು ಬಂದು ನಿಂತಳು.

"ನೀ ಏನೂ ಸುಳ್ಳು ಹೇಳಬ್ಯಾಡವಾ," ಎಂದೆ. "ಶನಿವಾರ ಮನೀ ಖಾರ ಕುಟ್ಟತೀವಿ ಅನ್ನು. ಖರೇ ಐತಿಲ್ಲ?"

"ಖರೇ ಐತ್ರಿ. ಆದ್ರ ಅವತ್ತ ಇನ್ನೂ ಮನೀದು ಹಾಕಿದ್ದಿಲ್ಲಲ್ರಿ."

"ಅಷ್ಟು ಯಾರು ಕೇಳತಾರ?"

"ಕೇಳಿದ್ರ?"

"ಕೇಳಿದ್ರ ಚೀಲ ಅಲ್ಲೇ ಇತ್ತು ಅನ್ನು. ಅದೂ ಖರೇನ ಐತಿ."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಳು. ನಾನು ಆಗ ಅನ್ನಬಾರದ ಮಾತು ಅಂದೆ. "ನೋಡು, ರೊಕ್ಕಾ ನನ್ನ ಮ್ಯಾಲೆ ಬಂತಂದ್ರ ಗಿರಣಿ ಮುಚ್ಚತೇನಿ. ಅಕಿ ಕೈಯಂತೂ ಹೋಗೇತಿ. ನಿನ್ನ ಪಗಾರಾನೂ ಹೋದ್ರ ಮನ್ಯಾಗ ಒಲಿ ಹಚ್ಚೋರು ಯಾರು?" ಅವಳ ಗಂಡ ಎದೆನೋವಿನವನು, ಕೂಲಿಗೆ ಹೋಗುತ್ತಿರಲಿಲ್ಲ. ಎರಡು ಹೆಣ್ಣುಮಕ್ಕಳು. ನನಗೆ ಎಲ್ಲ ಗೊತ್ತಿತ್ತು, ಮನೆಯ ಮಂದಿಯಲ್ಲವೇ.

"ಯಕ್ಕಗ ಏನೂ ಸಿಗೂದಿಲ್ಲೇನ್ರಿ ಹಂಗಾರ?" ಎಂದಳು.

"ನಾ ಅದೀನಲ್ಲ. ಕೇಸ್ ಮುಗದ ಮ್ಯಾಲೆ ನನ್ನ ಕೈಯಿಂದ ಕೊಡತೇನಿ."

ಹಾವೇರಿಯ ಕೋರ್ಟಿನಲ್ಲಿ ಕಿರಿಯಳ ಸಾಕ್ಷಿಯ ಸರದಿ ಬಂದ ದಿನ ಹಿರಿಯಳು ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಹಿಂದಿನ ಬಾಕಿನ ಮೇಲೆ ಕುಳಿತಿದ್ದಳು. ಶನಿವಾರದ ರೂಢಿ, ಗೋಡೆಯ ಬದಿಯ ಚೀಲ, ಎಲ್ಲವನ್ನೂ ಕೇಳಿದರು. ಕಿರಿಯಳು ಹೌದು ಹೌದು ಎಂದಳು. ಕೊನೆಗೆ ಆ ಹೊತ್ತಿನಲ್ಲಿ ಮಷಿನ್ನಿನಲ್ಲಿ ಇದ್ದ ಮೆಣಸಿನಕಾಯಿ ಯಾರದು ಎಂದು ಕೇಳಿದರು.

ಅವಳು ನನ್ನ ಕಡೆ ನೋಡಿದಳು. ಹೆದರಿದ ನೋಟವಲ್ಲ. "ನಮ್ಮದ್ರಿ," ಎಂದಳು.

ಅಲ್ಲಿದ್ದವರೆಲ್ಲ ಅದನ್ನು ಹೇಗೆ ಕೇಳಬೇಕೋ ಹಾಗೆಯೇ ಕೇಳಿಕೊಂಡರು. ನಮ್ಮದು ಎಂದರೆ ಹೆಂಗಸರದು, ಮನೀ ಖಾರದ್ದು. ಹಾಗೆಯೇ ಬರೆದುಕೊಂಡರು. ಗಿರಣಿಯಲ್ಲಿ ಆ ಮಾತಿಗೆ ಗಿರಣಿಯ ಕಾಯಿ ಎಂದೇ ಅರ್ಥ; ಅದು ಅವರಿಗೆ ಗೊತ್ತಿರಲಿಲ್ಲ. ಅವಳು ಸುಳ್ಳು ಹೇಳಿರಲಿಲ್ಲ. ನಮ್ಮದು ಎಂದರೆ ಯಾರದು ಎಂದು ಯಾರಾದರೂ ಇನ್ನೊಂದು ಪ್ರಶ್ನೆ ಕೇಳಲಿ ಎಂದು ಅಲ್ಲಿ ನಿಂತಿದ್ದಳೆಂದು ನನಗೆ ಈಗ ಅನ್ನಿಸುತ್ತದೆ. ಹಿರಿಯಳ ವಕೀಲರು ಪಗಾರದ ಲೆಕ್ಕ ಕೇಳಿದರು, ಅದನ್ನು ಕೇಳಲಿಲ್ಲ. ಆ ಮಾತಿನ ಅರ್ಥ ಬಿಡಿಸಿ ಹೇಳಬಲ್ಲವನು ನಾನೊಬ್ಬನಿದ್ದೆ. ತಲೆ ಬಗ್ಗಿಸಿ ನನ್ನ ಚಪ್ಪಲಿ ನೋಡುತ್ತ ಕುಳಿತೆ. ಹಿಂದಿನ ಬಾಕಿನವಳಿಗೂ ಅದು ಗೊತ್ತಾಗಬೇಕಿತ್ತು. ಆದರೆ ಅಷ್ಟು ಹೊತ್ತಿಗೆ ಅವಳು ಎದ್ದು ಹೊರಗೆ ಹೋಗಿದ್ದಳು. ತನ್ನ ನೆಗೆಣ್ಣಿಯ ಹೌದು ಹೌದುಗಳನ್ನು ಕೇಳಿಯೇ ಅವಳಿಗೆ ಸಾಕಾಗಿತ್ತು.

ಕೇಸು ಬಿದ್ದುಹೋಯಿತು.

ಆ ವರ್ಷದ ಕಂತಿಗೆ ಏಜೆಂಟ ಬಂದಾಗ, ಕಂಪನಿ ಏನೂ ಕೊಡುವ ಪ್ರಸಂಗ ಬರಲಿಲ್ಲವಾದ್ದರಿಂದ ಕಂತು ಏರಿಲ್ಲ ಎಂದ. ಎಲ್ಲರನ್ನೂ ಮತ್ತೆ ಪಾಕೀಟ್ ಮಾಡುವವರೆಂದೇ ಬರೆಸಿದೆ. ಈ ಸಲ ನಗಲಿಲ್ಲ, ಅಷ್ಟೇ ವ್ಯತ್ಯಾಸ. ಶನಿವಾರದ ರೂಢಿಯನ್ನು ನಿಲ್ಲಿಸಿದೆ. ಅಪಾಯ ಎಂದು ಕಾರಣ ಹೇಳಿದೆ.

ಹಿರಿಯಳಿಗೆ ಕೈಗಿಂತ ಹೆಚ್ಚು ಸುಟ್ಟದ್ದು ಮಂದಿಯ ಮಾತು. ಪುಕ್ಕಟೆ ಖಾರದ ಆಸೆಗೆ ಕೈ ಕಳಕೊಂಡಳು ಎಂದು ಊರಲ್ಲಿ ಆಡಿಕೊಂಡರು. ನೀರಿನ ನಳದ ಹತ್ತಿರ ಯಾರೋ "ಏನವಾ, ಈ ವರ್ಷ ಖಾರ ಎಲ್ಲಿ ಕುಟ್ಟಸ್ತೀದಿ?" ಎಂದು ಕೇಳಿದ್ದರಂತೆ. ಅವರ ಹಳ್ಳಿಯ ಟೆಂಪೋದವನು ಬಂದು ನನಗೆ ಹೇಳಿದ. ಅವಳು ಮಾತಾಡುವುದನ್ನೇ ಬಿಟ್ಟಿದ್ದಾಳೆ ಎಂದೂ ಹೇಳಿದ.

ನಾನು ಕೊಡುತ್ತೇನೆ ಎಂದಿದ್ದ ಹಣವನ್ನು ಬಹಳ ತಡವಾಗಿ, ನನಗೆ ತೋಚಿದಷ್ಟು, ಒಂದು ಲಕೋಟೆಯಲ್ಲಿ ಇಟ್ಟುಕೊಂಡು ಅವಳ ಮನೆಗೆ ಹೋದೆ. ಕಟ್ಟೆಯ ಮೇಲೆ ಕುಳಿತು ಎಡಗೈಯಿಂದ ಜೋಳ ಹಸನು ಮಾಡುತ್ತಿದ್ದಳು.

"ಕುಂದ್ರಿ," ಎಂದಳು. ಲಕೋಟೆಯನ್ನು ನೋಡಿ, "ಇದು ಏನಂತ ತಂದೀರಿ ಸಾವ್ಕಾರ್ರ?" ಎಂದು ಕೇಳಿದಳು.

"ಇರಲಿ ಇಟಗೋವಾ. ಖರ್ಚಿಗೆ ಆಗತೈತಿ."

"ಕೆಲಸದಾಗ ಕೈ ಹೋತು ಅಂತ ಕೊಡಾಕತ್ತಿದ್ರ, ನಾಕ ಮಂದಿ ಮುಂದ ಅಷ್ಟು ಹೇಳಿ ಕೊಡ್ರಿ. ದಾನ ಅಂತ ಕೊಡಾಕತ್ತಿದ್ರ ಗುಡಿಗೆ ಹಾಕ್ರಿ."

ಪಕ್ಕದ ಕಟ್ಟೆಯ ಮೇಲೆಯೇ ನಾಲ್ಕು ಮಂದಿ ಕುಳಿತಿದ್ದರು. ನಾನು ಲಕೋಟೆಯನ್ನು ಜೇಬಿಗೆ ಹಾಕಿಕೊಂಡು ಎದ್ದೆ. ಅವಳು ತಡೆಯಲಿಲ್ಲ.

ಆಮೇಲೆ ರಾಣೆಬೆನ್ನೂರಿನಲ್ಲಿ ಗುರುತಿನ ವಕೀಲರೊಬ್ಬರನ್ನು, ಬೇರೆ ಯಾರದೋ ವಿಷಯ ಎಂಬಂತೆ, ಕೇಳಿದೆ. ಈಗ ಖರೇ ಹೇಳಿದರೆ ಏನಾಗುತ್ತದೆ ಎಂದು. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಹೇಳಿದವನೂ ಸಿಗತಾನ, ಸಾಕ್ಷಿ ಹೇಳಿದ ಹೆಣ್ಣಮಗಳೂ ಸಿಗತಾಳ. ಮೊದಲು ಅಕಿನ್ನ ಹಿಡೀತಾರ. ಅದನ್ನ ಕೇಳಿ ಹೇಳ್ರಿ ನಿಮ್ಮವ್ರಿಗೆ" ಎಂದರು. ಅವರಿಗೆ ಗೊತ್ತಾಗಿತ್ತು ಎಂದು ಕಾಣುತ್ತದೆ. ಒಬ್ಬಳ ಮಾನ ಉಳಿಸಲು ಹೋದರೆ ಇನ್ನೊಬ್ಬಳನ್ನು ಕೋರ್ಟಿಗೆ ಎಳೆಯಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಅದು ನಿಜ. ಆ ನಿಜದ ಹಿಂದೆ ನಾನು ಎಷ್ಟು ಆರಾಮಾಗಿ ಅಡಗಿಕೊಂಡೆ ಎಂಬುದೂ ನಿಜ.

ಕಿರಿಯಳು ಇನ್ನೂ ಕೆಲವು ವರ್ಷ ನನ್ನಲ್ಲೇ ದುಡಿದಳು, ಅದೇ ಮಷಿನ್ ಮೇಲೆ. ಪಗಾರ ಏರಿಸಿದೆ, ಅವಳು ಬೇಡ ಎನ್ನಲಿಲ್ಲ, ಬೇಕು ಎಂದೂ ಅನ್ನಲಿಲ್ಲ. ಅತ್ತೆಯ ಮನೆಯಲ್ಲಿ ಅವಳ ಒಲೆ ಬೇರೆಯಾಯಿತು. ಗಂಡ ತೀರಿಕೊಂಡ ಮೇಲೆ ಭಾವ, ಎಂದರೆ ಹಿರಿಯಳ ಗಂಡನೇ, ಮನೆ ಬಿಡಿಸಿದನಂತೆ. ಮಕ್ಕಳನ್ನು ಕರೆದುಕೊಂಡು ಗಳಗನಾಥದ ಹತ್ತಿರದ ತವರಿಗೆ ಹೋದಳು. ಹೋಗುವ ದಿನ ಪಗಾರ ಎಣಿಸಿಕೊಂಡು "ಬರತೇನ್ರಿ" ಎಂದಳು. ನಾನು "ಹ್ಞೂಂ" ಎಂದೆ.

ಒಂದು ಸಲ ಅವಳನ್ನು ನೋಡಲೆಂದೇ ಬಸ್ಸು ಹತ್ತಿದೆ. ದೇವರಿಗೆ ಹೋಗುತ್ತೇನೆ ಎಂದು ಮನೆಯಲ್ಲಿ ಹೇಳಿದ್ದೆ. ಗಳಗನಾಥದಲ್ಲಿ ಗುಡಿಗೆ ಕೈಮುಗಿದು ಹೊಳೆಯ ಕಡೆಗೆ ಇಳಿದೆ. ವರದೆ ಬಂದು ತುಂಗಭದ್ರೆಗೆ ಕೂಡುವ ದಂಡೆಯಲ್ಲಿ ಹೆಂಗಸರು ಅರಿವೆ ಒಗೆಯುತ್ತಿದ್ದರು. ಅವಳೇ ನನ್ನನ್ನು ಮೊದಲು ಕಂಡದ್ದು. ತಲೆಯ ಮೇಲೆ ಸೆರಗು ಎಳೆದುಕೊಂಡು ದಂಡೆ ಹತ್ತಿ ಬಂದಳು. ಸೊರಗಿದ್ದಳು.

"ಆರಾಮ ಅದೀರೇನ್ರಿ ಸಾವ್ಕಾರ್ರ? ಈ ಕಡೆ ಹೆಂಗ ಬಂದ್ರಿ?"

"ದೇವರಿಗೆ ಬಂದಿದ್ದೆವಾ."

"ಬಿಸಲಾಗ ಬಂದೀರಿ. ಮನಿಗೆ ಬರ್ರಿ, ರೊಟ್ಟಿ ಉಂಡು ಹೋಗೀರಂತ."

"ಬಸ್ ಐತಿ."

ಅವಳು ಒದ್ದೆ ಕೈಗಳನ್ನು ಸೀರೆಗೆ ಒರೆಸಿಕೊಂಡಳು. "ಯಕ್ಕ ಹೆಂಗ ಅದಾಳ್ರಿ?" ಎಂದಳು.

"ಆರಾಮ ಅದಾಳ," ಎಂದೆ. ನನಗೆ ಗೊತ್ತಿರಲಿಲ್ಲ. ಅವಳು ಇನ್ನೂ ಏನೋ ಕಾಯುವವಳಂತೆ ಸ್ವಲ್ಪ ಹೊತ್ತು ನಿಂತಳು. ಕೋರ್ಟಿನಲ್ಲಿ ನಿಂತಿದ್ದ ಹಾಗೆಯೇ. ನಾನು ಬಸ್ಸಿನ ಹೊತ್ತು ವಿಚಾರಿಸಿದೆ. ಅವಳು ಹೇಳಿದಳು. ನಾನು ಹೊರಟೆ.

ಈ ವರ್ಷ ಅವಳು ತೀರಿಕೊಂಡಳು. ಕೆಮ್ಮು ಹೆಚ್ಚಾಗಿತ್ತಂತೆ. ಸುದ್ದಿ ತಂದವನು ಟೆಂಪೋದವನೇ. ಸತ್ತವಳನ್ನು ಯಾವ ಕೋರ್ಟೂ ಹಿಡಿಯುವುದಿಲ್ಲ ಎಂಬುದು ನನಗೆ ಹೊಳೆದ ಮೊದಲ ವಿಚಾರ. ನನ್ನಂಥವನಿಗೆ ದುಃಖಕ್ಕಿಂತ ಮೊದಲು ಲೆಕ್ಕವೇ ಬರುತ್ತದೆ. ಮರುವಾರ ಹಿರಿಯಳ ಮನೆಗೆ ಹೋದೆ. ಈ ಸಲ ಲಕೋಟೆ ಒಯ್ದಿರಲಿಲ್ಲ.

"ನಂದು ತಪ್ಪಾತವಾ," ಎಂದೆ. "ನೀ ನಮ್ಮ ಕೆಲಸದಾಗ ಇದ್ದಿ. ಅವತ್ತ ಮಷಿನ್ಯಾಗ ಇದ್ದದ್ದು ಗಿರಣಿ ಕಾಯಿ. ಕೋರ್ಟಿನಾಗ ಅಕಿ ನಮ್ಮದು ಅಂದದ್ದು ಅದನ್ನ. ನೀ ಹೊರಗ ಹೋಗಿದ್ದಿ. ಈಗ ಮಂದೀನ ಕರಿ, ಎಲ್ಲಾರ ಮುಂದ ಹೇಳತೇನಿ."

ಅವಳ ಕೂದಲು ಪೂರಾ ಬೆಳ್ಳಗಾಗಿತ್ತು.

"ನಮ್ಮದು ಅಂದ್ಲೇನ್ರಿ?" ಎಂದಳು.

"ಹೌದವಾ."

"ಮತ್ತ ಅಕಿ ನನಗ ಯಾಕ ಹೇಳಲಿಲ್ಲ?"

"ನಿಮ್ಮ ಮನ್ಯಾಗ ಅಕಿ ಕೂಡ ಯಾರು ಮಾತಾಡತಿದ್ರು?"

ಆ ಮಾತು ಅವಳಿಗೆ ಎಲ್ಲಿ ತಾಗಿತೆಂಬುದನ್ನು ನಾನು ನೋಡಿದೆ. ಹಾಗೆ ಅನ್ನಬೇಕೆಂದು ಹೋಗಿರಲಿಲ್ಲ. ತಪ್ಪು ಒಪ್ಪಿಕೊಳ್ಳಲು ಹೋದವನು ಅಲ್ಲಿಯೂ ಅರ್ಧ ಭಾರವನ್ನು ಅವಳ ಮೇಲೆ ಇಳಿಸಿ ಬಂದೆ. ಅವಳು ಎಡಗೈಯಿಂದ ಮುಖ ಒರೆಸಿಕೊಂಡಳು.

"ಮಂದಿ ಮುಂದ ಹೇಳಬ್ಯಾಡ್ರಿ," ಎಂದಳು. "ಮೊನ್ನೆ ಹೋಗ್ಯಾಳ. ಈಗ ಹೇಳಿದ್ರ ಅಕಿ ಸುಳ್ಳು ಸಾಕ್ಷಿ ಹೇಳಿದ್ಲು ಅಂತ ಶುರು ಮಾಡತಾರ. ಅವರಿಗೆ ಅಕಿ ನಮ್ಮದು ಅಂದದ್ದು ತಿಳಿಯೂದಿಲ್ಲ. ಅಕಿ ಹೆಣ್ಣಮಕ್ಕಳಿಗೆ ಇನ್ನೂ ಮದುವಿ ಆಗಬೇಕು. ನಂದೇನೈತಿ, ಆಸೆಬುರುಕಿ ಅಂತ ಅನ್ನಿಸಿಕೊಂಡ ಮುದುಕಿ ಆಗೇನಿ. ಹೋಗ್ರಿ ನೀವು."

ಹಾಗಾಗಿ ಆ ಊರಲ್ಲಿ ಇವತ್ತಿಗೂ ಅವಳು ಪುಕ್ಕಟೆ ಖಾರಕ್ಕೆ ಕೈ ಕಳೆದುಕೊಂಡವಳೇ. ಇಲ್ಲಿ ಬರೆಯುವುದರಲ್ಲಿ ಯಾರ ಹೆಸರೂ ಇಲ್ಲ, ಅವಳ ಊರಿನ ಹೆಸರೂ ಇಲ್ಲ. ಓದಿದವರಿಗೆ ಅವಳು ಯಾರೆಂದು ತಿಳಿಯುವುದಿಲ್ಲ, ತಿಳಿಯಬೇಕಾದವರು ಓದುವುದಿಲ್ಲ. ಇದರಿಂದ ಅವಳಿಗೆ ಏನೂ ಆಗುವುದಿಲ್ಲ ಎಂಬುದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಗಿರಣಿಯನ್ನು ಬಾಡಿಗೆಗೆ ಹಿಡಿದವನಿಗೆ ಒಂದು ದಿನ ಹೇಳಿದೆ: ಮಷಿನ್ ಮೇಲಿನವರನ್ನು ಮಷಿನ್ ಮೇಲಿನವರೆಂದೇ ಬರೆಸು, ಕಂತು ಎಷ್ಟಾದರೂ ಆಗಲಿ. ಅವನು ಮೊಬೈಲಿನಿಂದ ಕಣ್ಣೆತ್ತಿ ನಕ್ಕ. "ಕಾಕಾ, ಹಂಗ ಬರೆಸಿದ್ರ ಖಾರಕ್ಕ ಎಷ್ಟು ರೇಟ್ ಹಚ್ಚಬೇಕ್ರಿ? ರಾಣೆಬೆನ್ನೂರಾಗ ಯಾರು ತೊಗೋತಾರ? ನೀವು ಏನಂತ ಬರೆಸಿದ್ರಿ?" ಎಂದ. ಅವನ ಹಿಂದೆ ಇಬ್ಬರು ಹೆಂಗಸರು ಒರಳಿನ ಅಂಚಿನಲ್ಲಿ ಕುಳಿತಿದ್ದರು. ಕೋಲು ಎಲ್ಲಿಯೂ ಕಾಣಲಿಲ್ಲ. ನಾನು ಮನೆಗೆ ಬಂದೆ.

ಹಿರಿಯಳ ಮುಂದೆ, ಎಷ್ಟು ಕೆಟ್ಟದಾಗಿಯಾದರೂ ಆಗಲಿ, ತಪ್ಪಾಯಿತು ಎಂದೆ. ಅನ್ನದೆ ಉಳಿದದ್ದು ಒಬ್ಬಳಿಗೆ. ಹೊಳೆಯ ದಂಡೆಯಲ್ಲಿ ನನ್ನನ್ನು ಊಟಕ್ಕೆ ಕರೆದವಳಿಗೆ. ಆ ನೆಗೆಣ್ಣಿಯರಲ್ಲಿ ಕಿರಿಯಳಿಗೆ.